ಹರ್ನಿಯಾದ ಚೀಲದಲ್ಲಿ ಸಿಕ್ಕಿದ್ದು

ಆಪರೇಷನ್ ಆದ ಮರುದಿನ ಅಣ್ಣ ನನಗೆ ಮೂಸಂಬಿ ಸುಲಿದು ಕೊಟ್ಟ. ನನಗೆ ಸಂಶಯ ಶುರುವಾದದ್ದೇ ಅಲ್ಲಿಂದ. ಹುಟ್ಟಿದ ಲಾಗಾಯ್ತು ಒಂದು ಲೋಟ ನೀರು ಕೊಟ್ಟವನಲ್ಲ ಅವನು.

ಗಲ್ಫಿನಿಂದ ರಜೆಗೆ ಬಂದಾಗ ಮೂಡುಬಿದಿರೆಯಲ್ಲಿ ನನಗೆ ಆದದ್ದು ತೊಡೆಸಂದಿನ ಹರ್ನಿಯಾದ ಆಪರೇಷನ್. ನಮ್ಮ ಕಡೆ ಒಳಗಿನಿಂದ ಏನಾದರೂ ತೆಗೆದರೆ ಮನೆಯವರೊಬ್ಬರನ್ನು ಥಿಯೇಟರಿನ ಬಾಗಿಲಿಗೆ ಕರೆದು ತಟ್ಟೆಯಲ್ಲಿಟ್ಟು ತೋರಿಸುವ ಕ್ರಮ ಉಂಟು. ನೋಡಿದವರು ರೋಗಿಗೆ ಹೇಳದಿರುವುದೂ ಕ್ರಮವೇ. ತಟ್ಟೆ ನೋಡಿದವನು ಅಣ್ಣ. ಕೇಳಿದರೆ, "ಎಂತದ್ದೂ ಇಲ್ಲ ಮಾರಾಯ, ಕೊಬ್ಬು" ಎಂದ. ಕೊಬ್ಬು ನೋಡಲಿಕ್ಕೆ ಯಾರಾದರೂ ಜನ ಕರೆಯುತ್ತಾರೆಯೇ?

ಪಾಣೆಮಂಗಳೂರಿನ ಮನೆಗೆ ಬಂದರೆ ಡಿಸ್ಚಾರ್ಜ್ ಕಾಗದ ಅಣ್ಣನ ಕಪಾಟಿನಲ್ಲಿ, ಅದಕ್ಕೆ ಬೀಗ. ಅತ್ತಿಗೆ ನನ್ನನ್ನು ಕಂಡರೆ ಒಳಗೆ ಸರಿಯುತ್ತಿದ್ದಳು. ಕ್ಯಾನ್ಸರೇ ಎಂದು ನಿಶ್ಚಯಿಸಿ ಹೆದರಿ ಹೋದೆ. ಹೆಂಡತಿಯೂ ಇವರೊಂದಿಗೆ ಸೇರಿದ್ದಾಳೆಂದು ಅವಳ ಮುಖವನ್ನೇ ದಿಟ್ಟಿಸುತ್ತಿದ್ದೆ. ಆ ಪಾಪದವಳು ದಿನಾ ಬೆಳಗ್ಗೆ ಲಾಯಿಲದ ವೈದ್ಯರು ಕೊಟ್ಟ ಕಷಾಯ ಕುಡಿಯುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ, ಮದ್ದು ಅವಳಿಗೆ ಮಾತ್ರ.

ಹೊಲಿಗೆ ಬಿಚ್ಚುವ ದಿನ ಅಣ್ಣನಿಗೆ ಹೇಳದೆ ಹೆಂಡತಿಯೊಂದಿಗೆ ಬಸ್ಸು ಹತ್ತಿದೆ. ಅವಳೆದುರೇ ಡಾಕ್ಟರನ್ನು ನೇರ ಕೇಳಿದೆ: "ನನಗೆ ಇನ್ನು ಎಷ್ಟು ದಿನ ಉಂಟು?"

ಡಾಕ್ಟರು ನಕ್ಕರು. "ಕ್ಯಾನ್ಸರ್ ಅಲ್ಲ. ಅಣ್ಣ ಹೇಳ್ಲಿಲ್ವಾ? ಚೀಲದ ಒಳಗೆ ಸಣ್ಣದೊಂದು ಗರ್ಭಕೋಶ ಇತ್ತು. ಗಂಡು ಶಿಶುವಿನಲ್ಲಿ ಹುಟ್ಟುವ ಮೊದಲೇ ಕರಗಿ ಹೋಗುವಂಥದ್ದು, ನಿಮ್ಮಲ್ಲಿ ಕರಗ್ಲಿಲ್ಲ. ತುಂಬಾ ಅಪರೂಪ. ನೀವು ಗಂಡಸೇ, ಅದರಲ್ಲಿ ಸಂಶಯ ಬೇಡ. ಕೆಳಗೆ ಇಳಿಯದ ಒಂದು ಬೀಜವೂ ಅಲ್ಲೇ ಸಿಕ್ಕಿಕೊಂಡಿತ್ತು." ಮತ್ತೆ ಕಾಗದ ತಿರುವುತ್ತ ಹೇಳಿದರು: "ಮಕ್ಕಳಾಗದ್ದಕ್ಕೂ ಇದೇ ಕಾರಣ ಇರಬಹುದು. ಒಂದು ಬದಿ ಖಾಲಿ ಅಂತ ನಿಮಗೆ ಚಿಕ್ಕಂದಿನಿಂದ ಗೊತ್ತಿರಬೇಕಲ್ಲ?"

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುವುದೊಂದೇ ಬಾಕಿ. ಗೊತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವವನಿಗೆ ಹೆಂಡತಿಯಿಂದ ಮುಚ್ಚಿಡುವುದು ಕಷ್ಟವೂ ಆಗಿರಲಿಲ್ಲ. ನನ್ನನ್ನೂ ಪರೀಕ್ಷೆ ಮಾಡಿಸಬೇಕು ಎಂದವರಿಗೆ "ನನಗೆಂತ ಆಗಿದೆ?" ಎಂದು ಗದರಿದ್ದೆ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಬಸ್ಸು ಬರುವಾಗ ಅವಳು ಕೇಳಿದಳು: "ಕಷಾಯ ಕಹಿ ಅಂತ ನೀವೇ ಬೆಲ್ಲ ತಂದು ಕೊಡ್ತಿದ್ರಲ್ಲ, ಆಗಲೂ ಗೊತ್ತಿತ್ತಾ?"

ಹೌದೆಂದೆ. ಬಸ್ಸು ಹತ್ತಿದ ಅವಳು ನನ್ನನ್ನು ಬಿಟ್ಟು ಎದುರಿನ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು.