ಹಂಡ್ಯಾನ ಪಥ್ಯ

ರೋಣದ ನಮ್ಮ ಓಣಿಯಲ್ಲಿ ಆಗೆಲ್ಲ ಬೆಕ್ಕಿಗೆಂದು ಬೇರೆ ಅಡುಗೆ ಇರಲಿಲ್ಲ. ಮನೆಯವರು ಉಂಡದ್ದನ್ನೇ ಅದೂ ಉಣ್ಣುತ್ತಿತ್ತು. ನಮ್ಮ ಹಂಡ್ಯಾನಿಗಂತೂ ಬೆಳಿಗ್ಗೆ ಹಾಲಲ್ಲಿ ನೆನೆಸಿದ ರೊಟ್ಟಿ, ಮಧ್ಯಾಹ್ನ ತುಪ್ಪದನ್ನ, ಸಂಜೆ ಯಾರ ಮನೆಯಲ್ಲಿ ಏನು ಸಿಕ್ಕರೆ ಅದು. ಬಿಳಿ ಮೈಯ ಮೇಲೆ ಕರಿ ಮಚ್ಚೆಗಳಿದ್ದುದರಿಂದ ಅವನು ಹಂಡ್ಯಾ. ಅಪ್ಪನ ಕಡಲೆ ಚೀಲಗಳಿಗೆ ಇಲಿ ಬೀಳದಿರಲೆಂದು ಮರಿಯಿದ್ದಾಗ ತಂದದ್ದು. ಅವನು ಇಲಿ ಹಿಡಿದದ್ದನ್ನು ಮಾತ್ರ ನಾನು ಕಾಣೆ. ಅಪ್ಪನ ತಾಯಿ, ನಮ್ಮ ಆಯಿ, ಅವನಿಗೆ ಹಸಿವೆ ಎಂದರೇನೆಂದು ತಿಳಿಯಗೊಟ್ಟರಲ್ಲವೇ!

ನಾನಾಗ ಐದನೆಯ ತರಗತಿಯಲ್ಲಿದ್ದೆ. ಸೀತನಿ ಕಾಲ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುವ ಚಳಿ. ಆ ಚಳಿಯಲ್ಲೂ ಹಂಡ್ಯಾ ಬಚ್ಚಲ ಬಕೀಟಿಗೆ ಮುಖವಿಟ್ಟು ನೀರು ಕುಡಿಯುತ್ತಲೇ ಇರುತ್ತಿದ್ದ. ಎಷ್ಟು ಉಂಡರೂ ಸೊರಗುತ್ತಿದ್ದ. ನಡೆಯುವಾಗ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಹತ್ತುತ್ತಿತ್ತು. ಒಂದು ಮುಂಜಾನೆ ಹಿತ್ತಲಲ್ಲಿ ಅವನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಕಂಡು ಆಯಿ ಅಲ್ಲೇ ಕುಸಿದು ಕುಳಿತಳು.

"ನಿಮ್ಮ ಅಜ್ಜಗೂ ಹಿಂಗ ಆಗಿತ್ತ ಬೇ," ಎಂದಳು.

ಹಂಡ್ಯಾನನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಆಯಿ ಮತ್ತು ನಾನು ದನದ ದವಾಖಾನೆಗೆ ಹೋದೆವು. ಎತ್ತು ಎಮ್ಮೆಗಳ ನಡುವೆ ಬೆಕ್ಕು ತಂದವರು ನಾವಷ್ಟೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನ ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದರು.

"ಸಕ್ಕರಿ ರೋಗ ಐತ್ರಿ ಅಮ್ಮಾರ. ಇವಂಗ ಏನ ಹಾಕ್ತೀರಿ?"

ಆಯಿ ಹಾಲು, ರೊಟ್ಟಿ, ಅನ್ನ, ತುಪ್ಪ, ಹಬ್ಬದ ಹೋಳಿಗೆ ಎಲ್ಲವನ್ನೂ ಅಭಿಮಾನದಿಂದ ಹೇಳಿದಳು.

"ಅದೆಲ್ಲಾ ಇವತ್ತಿಂದ ಬಂದ್ ಮಾಡ್ರಿ. ಬೆಕ್ಕಂದ್ರ ಮಾಂಸ ತಿನ್ನೂ ಜೀವ. ಉಪ್ಪು ಖಾರ ಹಾಕದ ಕೋಳಿ ಕುದಿಸಿ ಕೊಡ್ರಿ. ಸಕ್ಕರಿ ಇನ್ನೂ ಭಾಳ ಏರಿಲ್ಲ, ಮೊದಲ ಪಥ್ಯದಾಗ ನೋಡೂಣು. ಇಳೀಲಿಲ್ಲಂದ್ರ ದಿನಾ ಸೂಜಿ ಮಾಡಬೇಕಾಗ್ತೈತಿ. ಉಪವಾಸ ಮಾತ್ರ ಇಡಬ್ಯಾಡ್ರಿ. ಬೆಕ್ಕು ತಿನ್ನೂದು ಬಿಟ್ರ ಜೀವಕ್ಕ ಬರ್ತೈತಿ."

ನಮ್ಮ ಮನೆಯ ಹೊಸ್ತಿಲೊಳಗೆ ತತ್ತಿ ಸಹ ಬಂದದ್ದಿಲ್ಲ. ಲಿಂಗಪೂಜೆ ಮುಗಿಯದೆ ಆಯಿ ಹನಿ ನೀರು ಮುಟ್ಟುತ್ತಿರಲಿಲ್ಲ.

"ಕೋಳಿ ಎಲ್ಲಿ ಕುದಸ್ತಿ ಅವ್ವಾ? ಪೂಜಾ ಆಗೂ ಮನ್ಯಾಗ?" ಎಂದು ಮನೆಗೆ ಬಂದಾಗ ಅಪ್ಪ ಕೇಳಿದ. ಸಿಟ್ಟಿನಿಂದಲ್ಲ, ಅವನಿಗೂ ದಾರಿ ತೋಚಿರಲಿಲ್ಲ.

ಹಿತ್ತಲ ಗೋಡೆಯ ಆಚೆ ಮಾಬೂಬಿಯ ಮನೆ. ಹಳೆಯ ಅರಿವೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿದು ಬದುಕುವ ಹೆಂಗಸು. ಗೋಡೆಯ ಮೇಲಿಂದಲೇ ಹೇಳಿದಳು: "ನನ್ನ ಹತ್ರ ಬಿಡ್ರಿ ಅವ್ವಾರ. ನಾ ನೋಡ್ಕೋತೀನಿ." ಹಂಡ್ಯಾನನ್ನು ಬುಟ್ಟಿಯ ಸಮೇತ ಆಚೆ ದಾಟಿಸಿದೆವು. ಆ ದಿನ ಊಟಕ್ಕೆ ಕುಳಿತಾಗ ಆಯಿ ತನ್ನ ಹಾಲಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಅವಂಗ ಬಿಡಿಸಿ ನಾ ಹ್ಯಾಂಗ ಉಣ್ಣಲಿ?" ಎಂದಳು.

ಮರುದಿನ ಮಾಬೂಬಿ ಗೋಡೆಗೆ ಬಂದಾಗ ಮುಖ ಸಪ್ಪಗಿತ್ತು. "ಮೂಸಿನೂ ನೋಡವಲ್ರಿ ಅವ್ವಾರ. ನಿಮ್ಮ ಮನಿ ಕಡೆ ಮುಖ ಮಾಡಿ ಒದರತಾನ. ನೀವ ಬಂದ ಕುಂತ್ರ ತಿಂದಾನು."

ಎಷ್ಟೋ ವರ್ಷಗಳಿಂದ ಆ ಗೋಡೆಯ ಮೇಲೆ ಕರಿಬೇವು ದಾಟಿತ್ತು, ಹೋಳಿಗೆ ದಾಟಿತ್ತು, ಓಣಿಯ ಸುದ್ದಿಯೆಲ್ಲ ದಾಟಿತ್ತು. ಆಯಿ ಮಾತ್ರ ಆಚೆಗೆ ಕಾಲಿಟ್ಟವಳಲ್ಲ. ಅಂಗಳದಲ್ಲಿ ಬಹಳ ಹೊತ್ತು ನಿಂತೇ ಇದ್ದಳು. ಆಮೇಲೆ ಸೆರಗು ಹೊದ್ದು ನನ್ನ ಕೈ ಹಿಡಿದಳು.

"ಎಲ್ಲಿ ಹೊಂಟಿ ಅವ್ವಾ?" ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಕೇಳಿದ.

"ಕೂಸಿಗೆ ಉಣಸಾಕ."

ಓಣಿ ಸುತ್ತಿ, ಮಾಬೂಬಿಯ ಮುಂಬಾಗಿಲಿನಿಂದಲೇ ಹೋದೆವು. ಬೇವಿನ ಗಿಡದ ಕೆಳಗೆ ಅವಳು ಮಣೆ ಹಾಕಿ, ಮೇಲೆ ಹೊಸ ಕೌದಿಯೊಂದನ್ನು ಮಡಚಿ ಹಾಸಿದ್ದಳು. ಆಯಿ ಮೂಗಿಗೆ ಸೆರಗು ಒತ್ತಿಕೊಂಡು ಕುಳಿತಳು. ಎಳೆಎಳೆಯಾಗಿ ಬಿಡಿಸಿದ ಕೋಳಿ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಹಂಡ್ಯಾ ಓಲಾಡುತ್ತ ಬಂದು ಆಯಿಯ ಕಾಲಿಗೆ ಮೈ ತಿಕ್ಕಿದ. ತಟ್ಟೆ ನೋಡಿದ, ಅವಳನ್ನು ನೋಡಿದ.

"ತಿನ್ನೋ ನನ್ನಪ್ಪಾ. ನಾ ಎಲ್ಲೂ ಹೋಗೂದಿಲ್ಲ," ಎಂದಳು ಆಯಿ.

ಅವನು ಒಂದು ಎಳೆ ಎತ್ತಿಕೊಂಡ. ಅಗಿದ. ಮತ್ತೊಂದಕ್ಕೆ ಬಾಯಿ ಹಾಕಿದ. ಮಾಬೂಬಿ ಗಟ್ಟಿಯಾಗಿ ಉಸಿರು ಬಿಟ್ಟಳು. ಆಯಿ ಮೂಗಿಗೆ ಹಿಡಿದ ಸೆರಗಿನಿಂದಲೇ ಕಣ್ಣು ಒರೆಸಿಕೊಂಡಳು.

ಅಂದಿನಿಂದ ಬೆಳಿಗ್ಗೆ ಸಂಜೆ ಆಯಿಗೆ ಅದೇ ಕೆಲಸ. ಬಂದ ಮೇಲೆ ಆ ಚಳಿಯಲ್ಲಿ ತಲೆಗೆ ನೀರು ಹೊಯ್ದುಕೊಂಡೇ ಪೂಜೆಗೆ ಕೂರುತ್ತಿದ್ದಳು. ಮನೆಮನೆಗೆ ಹೋಗಿ ಹಂಡ್ಯಾನಿಗೆ ಹಾಲು ಹಾಕಬೇಡಿರೆಂದು ಹೇಳುವುದು ನನ್ನ ಪಾಲಿಗೆ ಬಂತು. "ಬೆಕ್ಕಿಗೆ ಪಥ್ಯಾನ? ನಾಳೆ ಇಲಿಗೂ ದವಾಖಾನಿ ತಗೀರಿ!" ಎಂದು ಎದುರು ಮನೆಯ ಗಂಗವ್ವ ನಕ್ಕಳು. ನಗುನಗುತ್ತಲೇ ತನ್ನ ಹಾಲಿನ ಗಡಿಗೆಯನ್ನು ನೆಲುವಿಗೆ ಏರಿಸಿದಳು. ಎಳ್ಳಮಾಸಿ ಹಬ್ಬಕ್ಕೆ ಓಣಿಯ ತುಂಬ ಶೇಂಗಾ ಹೋಳಿಗೆಯ ವಾಸನೆ. ಹಂಡ್ಯಾ ಬಾಗಿಲು ಬಾಗಿಲಿಗೆ ನಿಂತು ಅತ್ತ. ಯಾರೂ ಒಂದು ಚೂರೂ ಹಾಕಲಿಲ್ಲ.

ದವಾಖಾನೆಗೆ ಹೋದಾಗೆಲ್ಲ ಡಾಕ್ಟರು ಅವನ ಕಿವಿ ಚುಚ್ಚುತ್ತಿದ್ದರು, ಆಯಿ ಮುಖ ಆಚೆ ತಿರುಗಿಸುತ್ತಿದ್ದಳು. ಬಿಸಿಲು ಏರತೊಡಗಿದ ದಿನಗಳಲ್ಲಿ ಒಮ್ಮೆ ಅವರು ನಕ್ಕರು. "ಇಳದೈತ್ರಿ ಅಮ್ಮಾರ. ಸೂಜಿ ಬ್ಯಾಡ. ಆದ್ರ ಈ ಊಟ ಮಾತ್ರ ಬಿಡಿಸಬ್ಯಾಡ್ರಿ." ಹಿಮ್ಮಡಿ ನಿಧಾನವಾಗಿ ನೆಲ ಬಿಟ್ಟೆದ್ದಿತು. ಹೋಳಿಹುಣ್ಣಿವೆಯ ಹೊತ್ತಿಗೆ ಹಂಡ್ಯಾ ಹಿತ್ತಲ ಗೋಡೆ ಹಾರಿದ. ಆ ದಿನ ನನ್ನ ಅವ್ವ ಕೇಳದೆಯೇ ಆಯಿಯ ಮುಂದೆ ಹಾಲು ಇಟ್ಟಳು. ಆಯಿ ಕುಡಿದಳು.

ಆಮೇಲೆ ಅವನು ತಾನಾಗಿಯೇ ಗೋಡೆ ಹಾರಿ ಹೋಗಿ ತಿಂದು ಬರುತ್ತಿದ್ದ. ಆದರೂ ಆಯಿ ಹೋಗುವುದನ್ನು ಬಿಡಲಿಲ್ಲ. ಮೂಗಿನ ಸೆರಗು ಯಾವಾಗಲೋ ಜಾರಿತ್ತು. ಯಾವ ಅರಿವೆಯ ತುಂಡಿನ ಪಕ್ಕ ಯಾವುದು ಒಪ್ಪುತ್ತದೆ ಎಂದು ಮಾಬೂಬಿಗೆ ಆರಿಸಿ ಕೊಡುತ್ತಿದ್ದಳು, ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

"ಅಂವ ತಾನ ತಿಂತಾನಲ್ಲ, ನೀ ಯಾಕ ಹೊಂಟಿ?" ಎಂದು ಅಪ್ಪ ಕೇಳಿದರೆ, "ನಿನ್ನಿ ಮಾತು ಅರ್ಧಕ್ಕ ನಿಂತೈತೋ," ಎನ್ನುತ್ತ ಚಪ್ಪಲಿ ಮೆಟ್ಟುತ್ತಿದ್ದಳು.

ಹಂಡ್ಯಾ ಇನ್ನೂ ಕೆಲವು ವರ್ಷ ಬದುಕಿದ. ಅವನು ಹೋದ ಮೇಲೆಯೂ ಆ ಮಾತು ಮುಗಿಯಲಿಲ್ಲ, ಆಯಿ ಹೋಗುವವರೆಗೂ. ನಾನೀಗ ಗದಗಿನಲ್ಲಿದ್ದೇನೆ. ನಮ್ಮ ಬೆಕ್ಕಿನ ಊಟ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಅದಕ್ಕಾಗಿ ಯಾರ ಅಂಗಳಕ್ಕೂ ಹೋಗಬೇಕಿಲ್ಲ.

ಮಾಬೂಬಿ ಗಜೇಂದ್ರಗಡದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ವರ್ಷ ಆ ಕಡೆ ಕೆಲಸವಿತ್ತು, ಹೋಗಿ ಕಂಡೆ. ಕಣ್ಣು ಮಂಜಾಗಿದೆ, ಕೌದಿ ಬಿಟ್ಟಿದ್ದಾಳೆ. ನನ್ನ ಕೈ ಹಿಡಿದು ಕೂರಿಸಿಕೊಂಡು, ಮಗಳಿಗೆ ಹೇಳಿ ಚಹಾ ಮಾಡಿಸಿದಳು.

"ನಿಮ್ಮ ಆಯಿ ಕೊನೀ ತನಕ ನಮ್ಮ ಮನಿ ನೀರ ಕುಡೀಲಿಲ್ಲ ನೋಡವಾ," ಎಂದು ನಕ್ಕಳು. ಅದರಲ್ಲಿ ದೂರು ಇರಲಿಲ್ಲ. "ಆದ್ರ ಕುಂತಳಂದ್ರ ಹೊತ್ತು ಮುಳಗೂತನಕ ಏಳ್ತಿರಲಿಲ್ಲ. ಈಗ ಬಂದೋರೆಲ್ಲಾ ಚಾ ಕುಡೀತಾರ, ಎದ್ದ ಹೋಗ್ತಾರ."

ನನ್ನ ಚಹಾ ಮುಗಿದಿತ್ತು. ಗದಗಿನ ಬಸ್ಸಿಗೂ ಹೊತ್ತಾಗಿತ್ತು.