ಹೊಸತೊಡಕಿನ ದಿನದ ಸೊಪ್ಪಿನ ಸಾರು

ಹೋದ ವಾರ ಪಾಂಡವಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಚೀಟಿ ನೋಡಿ, "ಸಕ್ಕರೆ ಗಡಿ ದಾಟಿದೆ ಅಂಕಲ್. ದಿನಾ ಏನೇನು ತಿಂತೀರೋ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ" ಅಂದಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯ ಮೇಷ್ಟರಾಗಿದ್ದವನು ನಾನು. ಯೋಚನೆಗೆ ಮುಂಚೆಯೇ ಬಾಯಿಂದ ಮಾತು ಬಿದ್ದುಹೋಯಿತು: "ಎಷ್ಟು ತಿಂಗಳದ್ದು ಬೇಕಮ್ಮಾ? ನಾಳೆಗೇ ತಂದುಕೊಡ್ತೀನಿ." ಆ ಹುಡುಗಿ ನಕ್ಕಳು, ಮುದುಕ ತಮಾಷೆ ಮಾಡಿದ ಅಂದುಕೊಂಡು. ತಮಾಷೆ ಅಲ್ಲ ಸ್ವಾಮಿ, ಅಭ್ಯಾಸ.

ಬಸ್‌ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ನೂರು ಪುಟದ ನೋಟ್‌ಬುಕ್ಕು ಕೊಂಡೆ. ಹೊಸ ಪುಸ್ತಕ ಕೈಗೆ ಬಂದರೆ ಬಿಡಿಸಿ ಮೂಗಿಗೆ ಹಿಡಿಯುವುದು ನನ್ನ ಚಾಳಿ. ಗೋಂದು, ಕಾಗದ, ಗೀಟು ಹೊಡೆದ ಮಸಿ, ಎಲ್ಲ ಸೇರಿದ ಆ ವಾಸನೆ ಬಡಿದದ್ದೇ ತಡ, ಚಿಕ್ಕಪ್ಪ ನೆನಪಾದರು. ಒಂಬತ್ತು ಕಾಲ್ಬೆರಳಿನ ಚಿಕ್ಕಪ್ಪ. ಹತ್ತು ಬೆರಳಿದ್ದ ಕಾಲದಿಂದಲೇ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಹೋದರು. ನನ್ನನ್ನು ಸಾಕಿ, ಓದಿಸಿ, ಮೇಷ್ಟರನ್ನಾಗಿ ಮಾಡಿದವರು ಕ್ಯಾತನಹಳ್ಳಿಯ ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಪ್ಪನಿಗೆ ಎರಡೆಕರೆ ಕಬ್ಬು, ಎರಡು ಹಸು, ಮತ್ತೆ ಊಟದ ಮೇಲೆ ಅಪಾರ ಗೌರವ. ಮೂರು ಮುದ್ದೆ ಇಳಿಯದ ಹೊರತು ಅವರು ಅದನ್ನು ಊಟ ಅನ್ನುತ್ತಿರಲಿಲ್ಲ, ಎರಡಕ್ಕೆ ನಿಂತರೆ 'ಬಾಯಾಡಿಸಿದೆ' ಅನ್ನುತ್ತಿದ್ದರು. ತೊಂಬತ್ತರ ದಶಕದ ನಡುವೆ, ಒಂದು ಚಳಿಗಾಲದಲ್ಲಿ, ಕೊಯ್ದ ಕಬ್ಬಿನ ಮೋಟು ಅವರ ಬಲಗಾಲಿನ ಕಿರುಬೆರಳಿಗೆ ಚುಚ್ಚಿತು. ತಿಂಗಳಾದರೂ ಗಾಯ ಮಾಯಲಿಲ್ಲ. ಶ್ರೀರಂಗಪಟ್ಟಣದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತ ನೋಡಿ, "ಸಕ್ಕರೆ ಕಾಯಿಲೆ. ತಿಂದದ್ದನ್ನೆಲ್ಲ ದಿನಾ ಬರೀರಿ. ಸದ್ಯಕ್ಕೆ ಈ ಮಾತ್ರೆ ತಗೊಳ್ಳಿ, ಮೂರು ತಿಂಗಳ ಪುಸ್ತಕ ನೋಡಿ ಮುಂದಿನದು ಗೊತ್ತು ಮಾಡ್ತೀನಿ. ಬಾಯಿ ಕಟ್ಟದಿದ್ರೆ ಬೆರಳು ಹೋಗುತ್ತೆ ಯಜಮಾನ್ರೇ" ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಬುಸುಗುಟ್ಟಿದರು. "ತಿಂದಿದ್ದನ್ನ ಬರ್ದಿಡಾಕೆ ನಾನೇನ್ ಓಟ್ಲಲ್ಲಿ ಸಾಲುಕ್ ಉಣ್ತಾ ಇವ್ನೇನ್ಲಾ?"

ಆದರೂ ಬರೆದರು. ಮೊದಲ ದಿನ ಒಂದು ಪುಟ ಪೂರ್ತಿ. 'ಬೆಳಿಗ್ಗೆ ಎದ್ದು ಮುಖ ತೊಳೆದು, ಹಸುಗಳಿಗೆ ಹುಲ್ಲು ಹಾಕಿ, ದೇವರಿಗೆ ಕೈಮುಗಿದು, ರಾಗಿ ರೊಟ್ಟಿ ಎರಡು, ಹುಚ್ಚೆಳ್ಳು ಚಟ್ನಿ' ಎಂದು ಶುರುವಾಗಿ, ಸಂಜೆ ಯಾರು ಬಂದರು, ಏನು ಮಾತಾಡಿದರು ಎಂಬಲ್ಲಿಯವರೆಗೆ. ಎರಡನೇ ದಿನ ಅರ್ಧ ಪುಟ. ಮೂರನೇ ದಿನ 'ನೆನ್ನೆಯಂತೆ'. ನಾಲ್ಕನೇ ದಿನ 'ಮೊನ್ನೆಯಂತೆ'. ಐದನೇ ದಿನ ಮೊನ್ನೆ ಏನು ತಿಂದಿದ್ದೆ ಎಂಬುದೇ ಮರೆತು ಪುಸ್ತಕ ಮುಚ್ಚಿದರು. ಅದು ಅಟ್ಟಕ್ಕೆ ಹೋಯಿತು. ನಗಬೇಡಿ. ಮೊದಲ ದಿನ ಇಡೀ ಪುಟ ತುಂಬಿಸಿದವನು ಐದನೇ ದಿನ ಕೈಬಿಡುವುದನ್ನು ನಾನು ನಮ್ಮ ಶಾಲೆಯಲ್ಲಿ ಪ್ರತಿ ಜೂನ್‌ನಲ್ಲೂ ನೋಡಿದ್ದೇನೆ, ಮಕ್ಕಳಲ್ಲಿ ಅಲ್ಲ, ನಮ್ಮಲ್ಲೇ.

ಜೊತೆಗೆ ಅದು ಆಲೆಮನೆಯ ಕಾಲ. ಊರ ಸುತ್ತ ಬೆಲ್ಲ ಕುದಿಯುತ್ತಿತ್ತು. ಚಿಕ್ಕಪ್ಪ ಬೆಲ್ಲ ತಿನ್ನುತ್ತಿರಲಿಲ್ಲ, ಇದನ್ನು ಪ್ರಮಾಣ ಮಾಡಿ ಹೇಳುತ್ತಿದ್ದರು. ಆದರೆ ಪಾಕ ಹದವಾಗಿದೆಯಾ ಅಂತ ರುಚಿ ನೋಡಲು ಎಲ್ಲರೂ ಅವರನ್ನೇ ಕರೆಯುತ್ತಿದ್ದರು. "ರುಚಿ ನೋಡೋದು ಊಟ ಆಯ್ತದೇನ್ಲಾ? ಅದು ಕೆಲ್ಸ" ಅನ್ನುತ್ತಿದ್ದರು. ದಿನಕ್ಕೆ ಮೂರು ಆಲೆಮನೆಯ ಕೆಲಸ ಅವರಿಗೆ.

ಯುಗಾದಿಯೂ ಕಳೆಯಿತು, ಡಾಕ್ಟರು ಹೇಳಿದ್ದ ಮೂರು ತಿಂಗಳೂ ತುಂಬಿತು. ಚಿಕ್ಕಮ್ಮ ಹುಲ್ಲಿಗೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ಚಿಕ್ಕಪ್ಪ ಪುಸ್ತಕ ಇಳಿಸಿ ಧೂಳು ಹೊಡೆದರು. "ನಾಳೆ ಡಾಕ್ಟ್ರತ್ರ ಓಗ್ಬೇಕು. ಬರೀಲಿಲ್ಲ ಸಾ ಅಂತ ಏಳ್ಬುಡಾನ ಬುಡು. ಬೈದ್ರೆ ಬಯ್ಲಿ" ಅಂದರು. ಈ ಮಾತು ಗುರುತು ಹಾಕಿಕೊಳ್ಳಿ. ಅವರು ನಿಜ ಹೇಳಲು ತಯಾರಿದ್ದರು. ಬೇಡ ಅಂದವನು ನಾನು.

ಯಾಕೆಂದರೆ ಖಾಲಿ ಪುಟ ನೋಡಿದರೆ ನನಗೆ ಕೈ ಕಡಿಯುತ್ತಿತ್ತು. ಪಾಠ ಟಿಪ್ಪಣಿ, ಹಾಜರಿ, ತಾಯಂದಿರ ಸಭೆ: ಇನ್ಸ್‌ಪೆಕ್ಷನ್ನಿನ ಹಿಂದಿನ ದಿನ ನಾನು ತುಂಬಿಸದ ರಿಜಿಸ್ಟರಿಲ್ಲ. ಶಾಲಾ ಕೈತೋಟದ ಪುಸ್ತಕದಲ್ಲಿ ಇಪ್ಪತ್ತು ತೆಂಗಿನ ಸಸಿಗಳಿಗೆ ಪ್ರತಿ ಶನಿವಾರ ನೀರು ಹಾಕಿಸಿದ್ದೇನೆ. ಆ ಸಸಿಗಳನ್ನು ಮೊದಲ ವಾರವೇ ಮೇಕೆ ತಿಂದಿದ್ದವು. ಸಾಹೇಬರು ಆ ಪುಸ್ತಕ ನೋಡಿ ಬೆನ್ನು ತಟ್ಟಿದ್ದರು. ಅಂಥವನಿಗೆ ಚಿಕ್ಕಪ್ಪನ ಊಟ ಯಾವ ಲೆಕ್ಕ? ಎರಡು ಗಂಟೆಯಲ್ಲಿ ಮೂರು ತಿಂಗಳು ಉಣ್ಣಿಸಿಬಿಟ್ಟೆ. ಅನುಮಾನ ಬರಬಾರದೆಂದು ಮೂರು ಪೆನ್ನು ಬಳಸಿದೆ, ಅಕ್ಷರವನ್ನು ಚಿಕ್ಕಪ್ಪನದರಂತೆ ಸೊಟ್ಟ ಮಾಡಿದೆ, ಅಲ್ಲಲ್ಲಿ ಒಂದೊಂದು ಹನಿ ಸಾರು ಚಿಮುಕಿಸಿದೆ. ಅರ್ಧ ಮುದ್ದೆ, ಸೊಪ್ಪಿನ ಸಾರು, ಸೌತೆಕಾಯಿ, ಸಕ್ಕರೆ ಇಲ್ಲದ ಕಾಫಿ. ನನ್ನ ಕೈಯಲ್ಲಿ ಚಿಕ್ಕಪ್ಪ ಋಷಿಯಾಗಿ ಹೋದರು.

ಮಾರನೇ ದಿನ ಡಾಕ್ಟರು ಪುಸ್ತಕ ತಿರುವಿ ಕಣ್ಣರಳಿಸಿದರು. ರಕ್ತದ ಅಂಕಿ ಏರಿತ್ತು. ಆದರೆ ಇಂಥ ಶಿಸ್ತಿನ ಪುಸ್ತಕದ ಮುಂದೆ ಅಂಕಿಯ ಮೇಲೇ ಅವರಿಗೆ ಅನುಮಾನ ಬಂತು. "ಲ್ಯಾಬಿನವರು ಏನೋ ತಪ್ಪು ಮಾಡಿದ್ದಾರೆ. ಊಟ ಇಷ್ಟು ಸರಿ ಇದ್ಮೇಲೆ ಗಾಯ ಮಾಯುತ್ತೆ. ಅದೇ ಮಾತ್ರೆ ಇರಲಿ" ಅಂದು ಕಳಿಸಿದರು. ನಾನು ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ಚಿಕ್ಕಪ್ಪನಿಗೆ ಕಾಫಿ ಕೊಡಿಸಿದೆ, ಸಕ್ಕರೆ ಹಾಕಿಸಿ.

ಗಾಯಕ್ಕೆ ಓದು ಬರಹ ಬರುತ್ತಿರಲಿಲ್ಲ. ಮೂರು ವಾರದಲ್ಲಿ ಬೆರಳು ಕಪ್ಪಾಯಿತು. ಮೈಸೂರಿನಲ್ಲಿ ತೆಗೆದುಹಾಕಿದರು. ಆಮೇಲೆ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋದಾಗ ಡಾಕ್ಟರು ಆ ಪುಸ್ತಕವನ್ನು ಕೇಳಿ ಇಸಕೊಂಡು, ಈ ಸಲ ತಾರೀಖು ಹಿಡಿದು ಓದಿದರು. ಒಂದು ಕಡೆ ಅವರ ಬೆರಳು ನಿಂತಿತು. "ಯುಗಾದಿ ದಿನ ಒಬ್ಬಟ್ಟಿಲ್ಲ, ಹೋಗಲಿ. ಮಾರನೇ ದಿನ ಹೊಸತೊಡಕು. ಮಂಡ್ಯ ಜಿಲ್ಲೆಯಲ್ಲಿ ಮನೆಮನೇಲೂ ಕುರಿ ಬಾಡು ಬೇಯೋ ದಿನ ನೀವು ಸೊಪ್ಪಿನ ಸಾರು ಉಂಡ್ರಾ? ಯಾರ್ರೀ ಇದನ್ನ ಬರೆದದ್ದು?"

ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದರು. ಬಾಯಿ ತೆರೆಯಬೇಕಾದವನು ನಾನು. ಚಿಕ್ಕಪ್ಪ ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಸಾ" ಅಂದುಬಿಟ್ಟರು.

"ಈ ಸಲ ಬೆರಳು. ಇನ್ನೊಂದು ಸಲ ಹಿಂಗೆ ಮಾಡಿದ್ರೆ ಕಾಲು" ಅಂದರು ಡಾಕ್ಟರು. "ತಿಂದ ಜಾಗದಲ್ಲೇ, ತಿಂದ ತಕ್ಷಣ ಬರೀಬೇಕು."

ಅವತ್ತಿನಿಂದ ಚಿಕ್ಕಮ್ಮನ ಬೈಗುಳ ಶುರುವಾಯಿತು. ಚಿಕ್ಕಪ್ಪ ತಟ್ಟೆ ಮುಂದೆ ಕೂತರೆ ಸಾಕು: "ಪುಸ್ತಕದಾಗೆ ಸುಳ್ಳು ಬರ್ದು ಬೆಳ್ಳು ಕಳ್ಕಂಡ ಪುಣ್ಯಾತ್ಮ! ಡಾಕ್ಟ್ರಿಗೇ ಟೋಪಿ ಆಕಾಕೋದ. ಮುಂದ್ಲ ಸಲ ಕಾಲೇ ಕೊಟ್ಬುಟ್ಟು ಬತ್ತಾನೆ." ಚಿಕ್ಕಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನಾನೂ ತಲೆ ತಗ್ಗಿಸಿಯೇ ಉಣ್ಣುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುದ್ದೆ ಆಗಿಹೋಗುತ್ತಿತ್ತು.

ಆ ವರ್ಷವೇ ನನಗೆ ಹೆಣ್ಣು ನೋಡಲು ನಾಗಮಂಗಲದ ಕಡೆಯ ಒಂದು ಊರಿಗೆ ಹೋದೆವು. ಉಪ್ಪಿಟ್ಟು, ಕೇಸರಿಬಾತು, ಬೋಂಡ ಬಂತು. ಚಿಕ್ಕಪ್ಪ ತಿಂದರು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಹುಡುಗಿಯ ಅಪ್ಪನ ಮುಖ ಬಿಳಿಚಿತು. ಗಂಡಿನ ಕಡೆಯ ಹಿರಿಯರು ತಟ್ಟೆ ನೋಡಿ ಅಂಕ ಹಾಕುತ್ತಿದ್ದಾರೆ ಅಂದುಕೊಂಡ ಆ ಮನುಷ್ಯ ಒಳಗೆ ಓಡಿ, ಇನ್ನಷ್ಟು ತುಪ್ಪ ಸುರಿದ ಕೇಸರಿಬಾತು ತಂದರು. ಚಿಕ್ಕಪ್ಪ ಬೇಡ ಅಂದು ಮತ್ತೆ ಬರೆದರು. ಪಾಪ, ಆತ ಬೆವರು ಒರೆಸಿಕೊಂಡು, "ಏನಾರ ಕಮ್ಮಿ ಆಯ್ತಾ ಯಜಮಾನ್ರೇ?" ಅಂದರು. ತಟ್ಟೆ ತೆಗೆಯಲು ಬಂದ ಹುಡುಗಿ ಮಾತ್ರ ಬಗ್ಗಿ ಪುಸ್ತಕದೊಳಗೆ ಇಣುಕಿ, "ಬೋಂಡ ಎರಡು ತಿಂದ್ರಲ್ಲ. ಒಂದೇ ಬರ್ದಿದೀರ" ಅಂದಳು.

ಚಿಕ್ಕಪ್ಪ ಅವಳ ಮುಖ ನೋಡಿ, ಒಂದನ್ನು ಹೊಡೆದು ಎರಡು ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಮಗೀನ ನಮ್ಮನೆಗೆ ತರ್ಬೇಕು ಕಣ್ಲಾ" ಅಂದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ನಾನು ಮೂರು ಬೋಂಡ ತಿಂದಿದ್ದೆ, ಅದನ್ನೂ ಯಾರೂ ಕೇಳಲಿಲ್ಲ.

ಹೀಗೆ ಸುಶೀಲ ನನ್ನ ಹೆಂಡತಿಯಾಗಿ ಬಂದಳು. ಬಂದ ತಿಂಗಳಲ್ಲೇ ಚಿಕ್ಕಪ್ಪನ ಪುಸ್ತಕ ಮತ್ತೆ 'ನೆನ್ನೆಯಂತೆ'ಗೆ ಇಳಿದದ್ದನ್ನು ಕಂಡಳು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಡೇರಿಗೆ ಹಾಕಿದ ಹಾಲು ಎಷ್ಟೆಂದು ದಿನವೂ ಗುರುತು ಮಾಡುತ್ತಿದ್ದೆವು, ಅದೊಂದು ಯಾವತ್ತೂ ತಪ್ಪುತ್ತಿರಲಿಲ್ಲ. "ಮಾವ, ಉದ್ದುದ್ದ ಬರೀಬೇಡಿ. ಹಾಲಿನ ಕೆಳಗೇ ಮುದ್ದೆ ಎಷ್ಟು ಅಂತ ಹಾಕಿ. ಸಿಹಿ ಮುಟ್ಟಿದ್ರೆ ಒಂದು ಸೊನ್ನೆ ಸುತ್ತಿ. ಅಷ್ಟೇ" ಅಂದಳು. ಕ್ಯಾಲೆಂಡರಿಗೆ ದಾರ ಕಟ್ಟಿ ಪೆನ್ಸಿಲ್ಲು ಇಳಿಬಿಟ್ಟಳು. ಕೈ ಒರೆಸುವ ಟವಲನ್ನು ಅದರ ಪಕ್ಕದ ಮೊಳೆಗೇ ಹಾಕಿದಳು. ಉಂಡವನು ಕೈ ತೊಳೆದ ಮೇಲೆ ಅಲ್ಲಿಗೆ ಹೋಗದೆ ಗತಿಯಿಲ್ಲ. ಆಮೇಲೆ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದಳು: "ಮರೆತ ದಿನ ಖಾಲಿ ಇರಲಿ. ಆಮೇಲೆ ಯಾರೂ ತುಂಬಬಾರದು. ಇನ್ನೊಂದು, ಮಾವ ಏನೇ ಬರ್ದಿರ್ಲಿ, ಬರ್ದಿದ್ದಕ್ಕೆ ಯಾರೂ ಬೈಬಾರದು."

ಖಾಲಿ ಬಿಡುವುದೇ! ಬರೆಯದಿದ್ದರೆ ಮೆಮೊ ಕೊಡುವ, ಸುಳ್ಳು ಬರೆದರೆ ಬೆನ್ನು ತಟ್ಟುವ ಇಲಾಖೆಯಲ್ಲಿ ಬೆಳೆದವನು ನಾನು. ಕ್ಯಾಲೆಂಡರಿನಲ್ಲಿ ಒಂದು ಮಂಗಳವಾರ ಬೋಳಾಗಿ ನಿಂತದ್ದನ್ನು ನೋಡಲಾರದೆ ಪೆನ್ಸಿಲ್ಲು ಹಿಡಿದೇಬಿಟ್ಟೆ. ಹಿಂದಿನಿಂದ ದನಿ ಬಂತು. "ರೀ, ಪೆನ್ಸಿಲ್ ಬಿಡಿ." ಬಿಟ್ಟೆ.

ಒಂದು ದಿನ ಚಿಕ್ಕಪ್ಪ ಕೆ.ಆರ್. ಪೇಟೆಯಲ್ಲಿ ಬೀಗರೂಟಕ್ಕೆ ಹೋಗಿಬಂದರು. ಬಂದವರು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತರು. ತುಂಬ ಹೊತ್ತು ನಿಂತರು. ಆಮೇಲೆ ಬರೆದರು. ಆ ದಿನದ ಮನೆ ಸಾಲದೆ ನಾಳೆಯ ಮನೆಗೂ ನುಗ್ಗಿತ್ತು ಬರಹ: 'ಬಾಡು, ಬೋಟಿ, ಮುದ್ದೆ ಮೂರು, ಅನ್ನ, ಲಾಡು ಎರಡು. ಎಲ್ಲ ತಿಂದೆ.' ಚಿಕ್ಕಮ್ಮ ಬಾಯಿ ತೆರೆದರು. ಸುಶೀಲ ಅವರನ್ನು ನೋಡಿದಳು. ಚಿಕ್ಕಮ್ಮ ಬಾಯಿ ಮುಚ್ಚಿಕೊಂಡರು. ಚಿಕ್ಕಪ್ಪನಿಗೆ ಬೈಗುಳ ಬೀಳಲಿಲ್ಲ, ಮಾರನೇ ದಿನ ಅವರಾಗಿಯೇ ಒಂದು ಮುದ್ದೆಗೆ ನಿಂತರು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚುಮರೆ ಯಾಕೆ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳಬಹುದು ಅಂತ ನನಗೆ ಯಾರೂ ಕಲಿಸಿರಲಿಲ್ಲ.

ಕ್ಯಾಲೆಂಡರಿನ ಹಾಳೆಗಳನ್ನು ಸುತ್ತಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದಾಗ ಡಾಕ್ಟರು ಖಾಲಿ ಮನೆಗಳನ್ನೂ ಸೊನ್ನೆಗಳನ್ನೂ ನೋಡಿ, "ಈಗ ಮನುಷ್ಯ ಬರೆದಂಗಿದೆ" ಅಂದು ಮಾತ್ರೆ ಬದಲಾಯಿಸಿದರು. ಕಾಲು ಉಳಿಯಿತು. ಆಮೇಲೆ ಹದಿನಾಲ್ಕು ವರ್ಷ ಚಿಕ್ಕಪ್ಪ ಆ ಒಂಬತ್ತು ಬೆರಳಿನಲ್ಲೇ ಗದ್ದೆ ಬದು ತುಳಿದು, ಎದೆನೋವು ಬಂದು ಹೋದರು. ಚಿಕ್ಕಮ್ಮ ಕ್ಯಾಲೆಂಡರಿನ ತಂಟೆಗೆ ಬರಲಿಲ್ಲ. ಆದರೆ ಆ ಹಳೇ ಪುಸ್ತಕದ ಬೈಗುಳ ಮಾತ್ರ ಬಿಡಲಿಲ್ಲ. "ನಿನ್ ರೂಲು ನೀನ್ ಬಂದ್ಮೇಲ್ ಬರ್ದಿದ್ಕೆ ಕಣವ್ವ, ಅಳೇದುಕ್ಕಲ್ಲ" ಅಂತ ಸುಶೀಲಳ ಬಾಯಿ ಮುಚ್ಚಿಸಿದ್ದರು. ಹದಿನಾಲ್ಕು ವರ್ಷ ಚಿಕ್ಕಪ್ಪ ತಾವು ಬರೆಯದ ಸುಳ್ಳಿಗೆ ಬೈಸಿಕೊಂಡರು.

ಇಷ್ಟನ್ನೂ ನಾನು ಹೋದ ವಾರ ಹೊಸ ನೋಟ್‌ಬುಕ್ಕು ಟೇಬಲ್ಲಿನ ಮೇಲಿಟ್ಟು ಸುಶೀಲಳಿಗೆ ಹೇಳಿದೆ. ಮೊದಲ ಸಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಮಾವ ಅಷ್ಟು ಅನ್ನಿಸ್ಕೊಳ್ತಿದ್ರು. ನೀವು ಪಕ್ಕದಲ್ಲೇ ಕೂತು ಉಣ್ತಿದ್ರಿ." ಅಷ್ಟೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಆಗುವ ನಾಚಿಕೆ ಬಲು ಕೆಟ್ಟದ್ದು.

ನಿನ್ನೆ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದೆ. ಚಿಕ್ಕಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಎದುರಿಗೆ ಕೂತು ಹೇಳಿಬಿಟ್ಟೆ. ಆ ಪುಸ್ತಕ ಬರೆದವನು ನಾನು ಚಿಕ್ಕಮ್ಮ, ಚಿಕ್ಕಪ್ಪ ಅಲ್ಲ. ಅವರು ಬೇಡ ಅಂದಿದ್ದರು.

ಅವರ ಕೈ ನಿಂತಿತು. "ಅಯ್ಯೋ ಸಿವ್ನೇ, ಸಾಯೋ ಗಂಟ ಬೈದ್ನಲ್ಲಾ ಅವ್ರನ್ನ" ಅಂದರು. ಅತ್ತರು. ನಾನು ಕಾಲು ಹಿಡಿಯಲು ಬಗ್ಗಿದೆ. ಕೈ ತಳ್ಳಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನೆಟ್ಟಗೆ ಕೂತ್ಕೊಳ್ಳಾ" ಅಂದರು. ಕೂತೆ. ಬೈಯಲು ಶುರು ಮಾಡಿದರು. ಚಿಕ್ಕಪ್ಪನಿಗೆ ಬೈಯುತ್ತಿದ್ದ ಅದೇ ಮಾತುಗಳು, ಅದೇ ಸಾಲಿನಲ್ಲಿ, ಒಂದನ್ನೂ ಬಿಡದೆ. ನಾನು ತಲೆ ಎತ್ತಿ, ಅವರ ಮುಖ ನೋಡಿಕೊಂಡು, ಮುಗಿಯುವವರೆಗೂ ಕೇಳಿಸಿಕೊಂಡೆ.