ಮಲ್ಲೇಶಪ್ಪನ ನೀರಿನ ಬೆಳೆ

ಮೇಡ್ಲೇರಿಯ ಮಲ್ಲೇಶಪ್ಪ ಆರು ವರ್ಷದಿಂದ ಮೀನು ಸಾಕುತ್ತಿದ್ದಾನೆ. ಈ ಆರು ವರ್ಷದಲ್ಲಿ 'ಮೀನು' ಎಂಬ ಶಬ್ದವನ್ನು ಒಂದೇ ಒಂದು ಸಲ ಬಾಯಿಬಿಟ್ಟು ಆಡಿದ, ಆಡಿ ಕೆಟ್ಟ. ಉಳಿದಂತೆ ಹೊಲದ ಹೊಂಡದಲ್ಲಿ ಈಜಾಡುವುದಕ್ಕೆ ಅವನಿಟ್ಟ ಹೆಸರು 'ಮಾಲು'. ಹೆಂಡತಿ ಮೈಲವ್ವನ ಮುಂದೆ ಅದೇ 'ನೀರಿನ ಬೆಳೆ'.

ಕೋಳಿಮೊಟ್ಟೆ ಸಹ ಹೊಸ್ತಿಲು ದಾಟದ ಮನೆ ಅದು. ಅಂಥವನಿಗೆ ಈ ದಂಧೆ ಹೊಳೆದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಮಾರಲು ಹೋಗಿ, ಘಾಟಿಗೆ ಸೀನುತ್ತ ಚೀಲದ ಮೇಲೆ ಕುಳಿತಿದ್ದಾಗ ಪಕ್ಕದ ಚೀಲದ ಮೇಲಿದ್ದ ಯಾರೋ ಒಬ್ಬ, ಹೊಂಡದಲ್ಲಿ ಕಾಟ್ಲಾ ಮೀನಿನ ಮರಿ ಬಿಟ್ಟರೆ ಕಳೆ ಕೀಳುವುದೂ ಇಲ್ಲ, ಔಷಧ ಹೊಡೆಯುವುದೂ ಇಲ್ಲ ಎಂದ. ದುಡಿಯದೆ ಬೆಳೆಯುವ ಬೆಳೆ ಎಂದರೆ ಮಲ್ಲೇಶಪ್ಪನಿಗೆ ಮೊದಲಿನಿಂದಲೂ ಭಕ್ತಿ. ಮುಂದಿನ ಮಳೆಗಾಲಕ್ಕೆ ಎರಡು ಸಾವಿರ ಮರಿ ತಂದು ಬಿಟ್ಟೇಬಿಟ್ಟ.

ಲಾಭ ಅಂಟಬೇಕು, ಪಾಪ ಅಂಟಬಾರದು. ಅದಕ್ಕಾಗಿ ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡ. ಬಲೆ ಹಾಕುವುದು, ಹಿಡಿಯುವುದು, ರಾಣೆಬೆನ್ನೂರಿನ ಮಾರ್ಕೆಟ್ಟಿಗೆ ಆಟೋದಲ್ಲಿ ಒಯ್ದು ಮಾರುವುದು ಎಲ್ಲ ಫಕ್ಕೀರವ್ವನ ಪಾಲು. ಅವಳು ಹೊಳೆಯ ದಂಡೆಯಲ್ಲೇ ಹುಟ್ಟಿ ಮೀನು ಮಾರುತ್ತಲೇ ಮುದುಕಿಯಾದವಳು. ಅವಳು ಬಲೆ ಎಳೆಯುವಷ್ಟು ಹೊತ್ತು ಮಲ್ಲೇಶಪ್ಪ ಹೊಂಡಕ್ಕೆ ಬೆನ್ನು ಮಾಡಿ, ಮೂಗಿಗೆ ಟವೆಲ್ ಹಿಡಿದು ಬದುವಿನ ಮೇಲೆ ಕೂರುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವಲ್ಲ!

"ನೀರು ನಂದು, ಕೂಳು ಹಾಕಾಂವ ನಾನು. ಜೀವ ತಗಿಯಾಕಿ ನೀನು. ನಿನ್ನ ಕರ್ಮ ನಿನಗ," ಎನ್ನುತ್ತಿದ್ದ ಬೆನ್ನು ತಿರುಗಿಸಿಯೇ.

"ಆಗಲ್ರಿ ಸಾವಕಾರ್ರ, ಕರ್ಮ ನನಗಿರ್ಲಿ. ರೊಕ್ಕಾನೂ ನನಗ ಬಿಡ್ರಿ ಮತ್ತ," ಎನ್ನುತ್ತಿದ್ದಳು ಫಕ್ಕೀರವ್ವ. ಆ ಮಾತು ಬಂದಾಗ ಮಾತ್ರ ಸಾವಕಾರರಿಗೆ ಕಿವಿ ಕೇಳುತ್ತಿರಲಿಲ್ಲ.

ಮೇವು ಹಾಕುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವನಲ್ಲ. ಬೆಳಿಗ್ಗೆ, ಸಂಜೆ ಹಳೆಯ ಹಿತ್ತಾಳೆ ಪರಾತವನ್ನು ಸೌಟಿನಿಂದ ಢಣ್ ಢಣ್ ಢಣ್ ಎಂದು ಮೂರು ಸಲ ಬಡಿಯುವನು. ಶೇಂಗಾ ಹಿಂಡಿಯ ಆಸೆಗೆ ಹೊಂಡದ ಮಾಲೆಲ್ಲ ದಡಕ್ಕೆ ನುಗ್ಗಿ ಬಾಯಿ ತೆರೆಯುವುದು. ಮನೆಯಲ್ಲಿ ಮೈಲವ್ವ ನಾಲ್ಕನೆಯ ಕೂಗಿಗೆ ಓಗೊಟ್ಟರೆ ಪುಣ್ಯ, ಮಗಳು ಐಶ್ವರ್ಯ ಮೊಬೈಲಿನಿಂದ ತಲೆ ಎತ್ತಿದರೆ ಹಬ್ಬ. ಕರೆದ ಕೂಡಲೇ ಬರುವ ಸಂಸಾರ ಅವನಿಗಿದ್ದದ್ದು ಅದೊಂದೇ. ಖರೇ ಹೇಳಬೇಕೆಂದರೆ ಅವನಿಗೆ ಅವುಗಳ ಮೇಲೆ ಪ್ರೀತಿಯಿತ್ತು. ಮಾರುವ ಮಟ್ಟಿಗಿನ ಪ್ರೀತಿ.

ಐಶ್ವರ್ಯಳಿಗೆ ಗಂಡು ನೋಡತೊಡಗಿದಾಗ ಈ ಪ್ರೀತಿ ಕುತ್ತಿಗೆಗೆ ಬಂತು. 'ಮೀನಿನ ಮನಿ' ಎಂದು ಯಾರೋ ಊದಿ ಮೂರು ಸಂಬಂಧ ಮುರಿದವು. ನಾಲ್ಕನೆಯದು ಕರ್ಜಗಿಯ ಶಂಭುಲಿಂಗನದು. ಮಗ ವೀರೇಂದ್ರ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನೌಕರ. ಹುಡುಗ ಹುಡುಗಿ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೆ ಮನೆತನ ಬಲು ಕಟ್ಟುನಿಟ್ಟು, ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದವರು. ಇದೂ ತಪ್ಪಿದರೆ ಮಗಳು ತನ್ನ ಮುಖ ನೋಡಲಾರಳೆಂದು ಮಲ್ಲೇಶಪ್ಪನಿಗೆ ನಿಜವಾಗಿಯೂ ಭಯವಿತ್ತು.

"ಅಪ್ಪಾ, ಇದ್ದದ್ದು ಇದ್ದಂಗ ಹೇಳಿಬಿಡು," ಎಂದಳು ಐಶ್ವರ್ಯ.

"ಸುಮ್ನಿರವಾ. ಹೊಂಡ ಗೋವಿನಜ್ವಾಳಕ್ಕ ನೀರ ಹಾಯಿಸಾಕ ಅಂತ ಹೇಳೇನಿ."

ಬೀಗರು ಬರುವ ದಿನ ಬೆಳಗಾಗೆದ್ದು ಪರಾತವನ್ನು ಮೇವಿನ ಬಣವೆಯಲ್ಲಿ ಹುಗಿದ. ಹೊಂಡದ ಸುತ್ತ ಎರಡು ಕಟ್ಟು ಊದಿನಕಡ್ಡಿ ಸುಟ್ಟ. ಫಕ್ಕೀರವ್ವನಿಗೆ ಎರಡು ದಿನ ಈ ದಿಕ್ಕಿಗೆ ತಲೆ ಹಾಕಬೇಡ ಎಂದ. ಪರಾತ ಹುಗಿದ ಮೇಲೆ ಮೇವೂ ಇಲ್ಲ. ಆವತ್ತು ಮಾಲಿಗೆ ಉಪವಾಸ. ಹಸಿದವರ ಕಿವಿ ಎಷ್ಟು ಚುರುಕು ಎಂಬುದನ್ನು ಆ ಜಾಣ ಮರೆತ.

ಬೀಗರು ಬಂದರು. ಶೇಂಗಾ ಹೋಳಿಗೆ ಉಂಡರು, ಹುಡುಗಿಯನ್ನು ನೋಡಿದರು. ಶಂಭುಲಿಂಗ ಹಣೆತುಂಬ ವಿಭೂತಿ ಬಳಿದು, ಗಂಟೆಗೊಂದು ಮಾತು ಆಡುತ್ತ ಗಂಭೀರವಾಗಿ ಕುಳಿತಿದ್ದ. ಎಲ್ಲ ಸುಸೂತ್ರ ಎನ್ನುವಾಗ ಅವನ ಹೆಂಡತಿ ಸುರೇಖಾ ಎದ್ದಳು.

"ಹೆಣ್ಣ ತರೂ ಮನಿ ನೀರಿಗೆ ಉಡಿ ತುಂಬಿ ಮಾತ ಕೊಡೂದು ನಮ್ಮ ಪದ್ಧತಿರಿ. ಹೊಂಡ ಎಲ್ಲೈತಿ ತೋರಸ್ರಿ, ಗಂಗವ್ವನ ಪೂಜಿ ಮಾಡೂಣು."

"ಅಷ್ಟ ದೂರ ಯಾಕ್ರಿ? ನಳಾ ಇಲ್ಲೇ ಐತಲ್ರಿ," ಎಂದ ಮಲ್ಲೇಶಪ್ಪ.

"ನಳಕ್ಕ ಯಾರರ ಉಡಿ ತುಂಬ್ತಾರೇನ್ರಿ?"

ಎಲ್ಲರೂ ಹೊಂಡಕ್ಕೆ ನಡೆದರು. ಸುರೇಖಾ ಕುಂಕುಮ ಏರಿಸಿದಳು, ಹಸಿರು ಖಣವಿಟ್ಟಳು, ಕಾಯಿ ಒಡೆದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಜಾಗಟೆ ತೆಗೆದಳು. ಮಲ್ಲೇಶಪ್ಪ ಮುಂದೆ ನುಗ್ಗಿದ.

"ಜಾಗಟಿ ಬ್ಯಾಡ್ರಿ, ಎಮ್ಮಿ ಬೆದರ್ತಾವು!"

ಕಣ್ಣು ಹಾಯುವಷ್ಟು ದೂರ ಒಂದು ಎಮ್ಮೆಯೂ ಇರಲಿಲ್ಲ. ಢಣ್ ಢಣ್ ಢಣ್.

ಹೊಂಡ ಕುದಿಯಿತು. ಮೂಲೆಮೂಲೆಯಿಂದ ಕಾಟ್ಲಾ, ರೋಹು ಒಂದರ ಮೇಲೊಂದು ಬಿದ್ದು ದಡಕ್ಕೆ ಬಂದು ಬಾಯಿ ತೆರೆದವು. ಅದರಲ್ಲೊಂದು ದಪ್ಪ ಕಾಟ್ಲಾ ಆತುರ ತಾಳದೆ ಹಾರಿ ನೇರ ಶಂಭುಲಿಂಗನ ಕಾಲ ಬಳಿಯೇ ಬಿದ್ದು ಒದ್ದಾಡಿತು. ಶಂಭುಲಿಂಗ ಅದನ್ನೇ ದಿಟ್ಟಿಸಿದ, ಉಗುಳು ನುಂಗಿದ, ಏನೋ ಹೇಳಲು ಬಾಯಿ ತೆರೆದ. ಸಂಬಂಧ ಮುರಿಯುವ ಮಾತೇ ಬಂತೆಂದು ಮಲ್ಲೇಶಪ್ಪ ನಡುವೆ ಹಾರಿದ.

"ದೇವರ ಮೀನ್ರಿ ಅವು! ನಮ್ಮಪ್ಪನ ಕಾಲದಿಂದ ಅದಾವು. ಯಾರೂ ಮುಟ್ಟಂಗಿಲ್ಲರಿ!"

ಅವನಪ್ಪ ತೀರಿ ಹದಿನಾಲ್ಕು ವರ್ಷ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಂಪನಿಯ ಹೆಸರು ಇನ್ನೂ ಮಾಸಿರಲಿಲ್ಲ. ಅದನ್ನೆಲ್ಲ ಯಾರು ಕೇಳಬೇಕು? ಜಾಗಟೆಗೆ ಗಂಗವ್ವ ಓಗೊಟ್ಟಳೆಂದು ಸುರೇಖಾಳ ಕಣ್ಣಲ್ಲಿ ನೀರು. ಸೆರಗಿನಲ್ಲೇ ಆ ಕಾಟ್ಲಾವನ್ನೆತ್ತಿ ನೀರಿಗೆ ಬಿಟ್ಟು ಅಲ್ಲೇ ಮಾತು ಕೊಟ್ಟಳು. ಶಂಭುಲಿಂಗ ತೆರೆದ ಬಾಯಿ ಮುಚ್ಚಿಕೊಂಡ.

ಮದುವೆ ಚೆನ್ನಾಗಿಯೇ ಆಯಿತು. ಹೊಂಡ ಕೆಟ್ಟಿತು. ಸುದ್ದಿ ಕರ್ಜಗಿಯಿಂದ ಹಾವೇರಿಗೆ, ಹಾವೇರಿಯಿಂದ ಎಲ್ಲೆಲ್ಲಿಗೋ ಹೋಗಿ, ಸೋಮವಾರ ಬಂತೆಂದರೆ ಬೈಕುಗಳ ಸಾಲು. ಯಾರೋ ಬದುವಿನ ಮೇಲೆ ಕಲ್ಲು ನೆಟ್ಟು ಕುಂಕುಮ ಬಳಿದರು. ಬಲೆ ಹೊತ್ತು ಬಂದ ಫಕ್ಕೀರವ್ವನನ್ನು ಪೂಜೆಯ ಹೆಂಗಸರು ಬೈದು ಅಟ್ಟಿದರು. ಇಷ್ಟು ವರ್ಷ ನೀರಿಗಿಳಿದವಳಿಗೆ ಈಗ ದಂಡೆ ಮುಟ್ಟಿದರೂ ಮೈಲಿಗೆ! ಮಲ್ಲೇಶಪ್ಪ ಅಲ್ಲೇ ನಿಂತಿದ್ದ. ಟವೆಲ್ ಕೊಡವಿ ಆಚೆ ಮುಖ ಮಾಡಿದ. ಬೆನ್ನು ತಿರುಗಿಸುವುದು ರೂಢಿಯಾಗಿತ್ತಲ್ಲ.

"ಈಗ ಕರ್ಮ ಯಾರದ್ರಿ ಸಾವಕಾರ್ರ?" ಎಂದು ಕೇಳಿ, ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವಳು ಹೋದಳು.

ಮೀನುಗಳು ಬೆಳೆದೇ ಬೆಳೆದವು. ಭಕ್ತರು ಹಿಡಿ ಚುರುಮುರಿ ಎಸೆದು ಹೋಗುವರು, ಹೊಟ್ಟೆ ತುಂಬಿಸುವುದು ಮಲ್ಲೇಶಪ್ಪ. ಮಾರುವಂತಿಲ್ಲ, ಸಾಯಿಸುವಂತಿಲ್ಲ, ಬಿಡುವಂತೆಯೂ ಇಲ್ಲ. ಬಾಯಲ್ಲಿಟ್ಟ ಬಿಸಿತುಪ್ಪ.

ವರ್ಷ ತುಂಬಿದ ಮೇಲೆ ಬೀಗರು ಮತ್ತೆ ಬಂದರು. ಶಂಭುಲಿಂಗ ಮಲ್ಲೇಶಪ್ಪನನ್ನು ಬದುವಿನ ಆಚೆ ಕರೆದೊಯ್ದು, ಸುತ್ತ ನೋಡಿ ದನಿ ತಗ್ಗಿಸಿದ.

"ಬೀಗರ, ನಾ ವಾರಾ ರಾಣೆಬೆನ್ನೂರ ಸಂತಿಗೆ ಹೋಗ್ತೇನಲ್ರಿ, ಅದು ಸಂತಿಗಲ್ಲ. ಅಲ್ಲೊಂದು ಖಾನಾವಳಿ ಐತಿ. ಹುರದ ಕಾಟ್ಲಾ ಛಲೋ ಮಾಡ್ತಾರ."

ಮಲ್ಲೇಶಪ್ಪ ಕಣ್ಣು ಬಿಟ್ಟ.

"ಆವತ್ತ ಅದು ನನ್ನ ಕಾಲಾಗ ಬಿದ್ದಾಗ, ಸಂಬಂಧ ಅಂದ್ರ ಇದು ಅಂದ್ಕೊಂಡೆ. ವಾರಕ್ಕೊಂದು ಕಳಸ್ತೀರೇನು ಅಂತ ಕೇಳಾಕ ಬಾಯಿ ತಗದೆ. ಅಷ್ಟರಾಗ ನೀವು ದೇವರ್ನ ನಡುವ ತಂದ್ರಿ."

ಮಲ್ಲೇಶಪ್ಪ ತಾನೂ ಒಮ್ಮೆ ಸುತ್ತ ನೋಡಿದ. ಆಸೆಯಿಂದ ಕೇಳಿದ: "ಈಗರ ಫಕ್ಕೀರವ್ವಗ ಹೇಳಿ ಒಂದು ತಗಸ್ಲೇನ್ರಿ?"

ಶಂಭುಲಿಂಗ ಎರಡೂ ಕಿವಿ ಮುಚ್ಚಿಕೊಂಡ.

"ಶಿವ ಶಿವಾ! ದೇವರದ್ದನ್ನ ತಿಂತಾರೇನ್ರಿ? ನಾವೇನ ಅಂಥಾ ಮಂದಿ ಅಲ್ಲ."

ಅತ್ತ ಸುರೇಖಾ ಜಾಗಟೆ ಬಾರಿಸಿದಳು. ಆರಾರು ಕಿಲೋದ ದೇವರುಗಳು ಬಾಯಿ ತೆರೆದು ದಡಕ್ಕೆ ಬಂದವು. ಇಬ್ಬರೂ ಬೀಗರು ಅತ್ತ ತಿರುಗಿ ಕೈ ಮುಗಿದರು. ಆಮೇಲೆ ಮಲ್ಲೇಶಪ್ಪ ಹಿಂಡಿಯ ಚೀಲ ತರಲು ಹೋದ.